ಹನ್ನೆರಡು ಡಿಗ್ರಿ

ಲ್ಯಾಬಿನಲ್ಲಿ ಅವಳಿಗೆ ಸುತ್ತಿಗೆ ಅಕ್ಕ ಎಂದು ಹೆಸರು. ಎದುರಿಗೆ ಬರೀ ಅಕ್ಕ, ಬಾಗಿಲು ದಾಟಿ ಹೋದ ಮೇಲೆ ಸುತ್ತಿಗೆ. ಅದು ಅವಳ ಕಿವಿಗೂ ಬಿದ್ದಿತ್ತು, ಬಿದ್ದಿದ್ದಕ್ಕೆ ಬೇಜಾರೇನೂ ಇರಲಿಲ್ಲ. ಮನೆಗಳ ಮೇಲೆ ಕೂರಿಸುವ ಸೋಲಾರ್ ಪ್ಯಾನೆಲ್‌ಗಳನ್ನು ಮಾರಾಟಕ್ಕೆ ಬಿಡುವ ಮುಂಚೆ, ಜೀವ ಹೋಗುವಷ್ಟು ಹಿಂಸೆ ಕೊಟ್ಟು ನೋಡುವುದೇ ಆ ಲ್ಯಾಬಿನ ಕೆಲಸ. ಮಂಜುಗಡ್ಡೆಯ ಉಂಡೆಗಳನ್ನು ಬಂದೂಕಿನಂಥ ಕೊಳವೆಯಿಂದ ಗಾಜಿಗೆ ಹೊಡೆಯುತ್ತಿದ್ದರು. ಮೇಲೆ ಮರಳಿನ ಮೂಟೆ ಹೇರುತ್ತಿದ್ದರು. ಕೊರೆಯುವ ಚಳಿಯಿಂದ ಸುಡುವ ಶಾಖಕ್ಕೆ, ಶಾಖದಿಂದ ಚಳಿಗೆ ಇನ್ನೂರು ಸಲ ಎಳೆದಾಡಿಸುತ್ತಿದ್ದರು. ಎಲ್ಲ ಮುಗಿದ ಮೇಲೆ ಚೇಂಬರ್. ಆಳೆತ್ತರದ ಸ್ಟೀಲಿನ ಕಪಾಟು ಅದು. ಒಳಗೆ ಎಂಬತ್ತೈದು ಡಿಗ್ರಿ ಶಾಖ, ಮೈಗೆ ಅಂಟುವ ಉಗಿ, ಸಾವಿರ ಗಂಟೆ. ಅಂದರೆ ನಲವತ್ತೆರಡು ದಿನ. ಬಿಸಿಲು ಮಳೆಯಲ್ಲಿ ವರ್ಷಾನುಗಟ್ಟಲೆ ಪಡುವ ಪಾಡನ್ನು ಪ್ಯಾನೆಲ್ ಅಷ್ಟು ದಿನಗಳಲ್ಲಿ ಪಟ್ಟು ಮುಗಿಸಬೇಕು.

ಬಂದವರಿಗೆ ಫಲಿತಾಂಶ ಹೇಳುವುದು ಅವಳ ಪಾಲಿನ ಕೆಲಸ. ಒಮ್ಮೆ ಒಬ್ಬ ವಯಸ್ಸಾದ ಲೇಥ್ ಕೆಲಸಗಾರ, ಸೂರ್ಯನ ಕಡೆಗೆ ತಾನೇ ತಿರುಗುವ ಚೌಕಟ್ಟೊಂದನ್ನು ಮಾಡಿಕೊಂಡು ಬಂದಿದ್ದ. ಭಾರ ಹೇರಿದ ಮೂರನೇ ನಿಮಿಷಕ್ಕೆ ಅದು ಸೊಂಟ ಮುರಿದುಕೊಂಡು ಬಿತ್ತು. ಮುದುಕ ಅದರ ಮೇಲೆ ಬಾಗಿ ಅಳತೊಡಗಿದ. ಅವಳು ಚೌಕಟ್ಟನ್ನು ಅವನ ಮೂಗಿನ ಕೆಳಗಿಂದ ಎಳೆದುಕೊಂಡಳು.

"ಅಳೋದಾದ್ರೆ ಆ ಕಡೆ ತಿರುಗಿ ಅಳಿ. ಸ್ಯಾಂಪಲ್ ಮೇಲೆ ಉಪ್ಪುನೀರು ಬಿದ್ರೆ ಅದನ್ನೂ ನಾನು ರಿಪೋರ್ಟಲ್ಲಿ ಬರೀಬೇಕಾಗುತ್ತೆ."

ಅವಳು ಹುಟ್ಟಾ ಹೀಗಿದ್ದವಳಲ್ಲ. ಲ್ಯಾಬಿಗೆ ಸೇರಿದ್ದು ಒಡೆದ ಗಾಜು ಗುಡಿಸುವ ಕೆಲಸಕ್ಕೆ. ಗುಡಿಸುತ್ತಾ ಗುಡಿಸುತ್ತಾ ಯಾವ ಗಾಜು ಹೇಗೆ ಬಿರುಕು ಬಿಟ್ಟಿದೆ ಎಂದು ನೋಡುವ ಚಟ ಹತ್ತಿತು. ಒಂದು ದಿನ ಪೊರಕೆ ಕೈಯಲ್ಲಿ ಹಿಡಿದುಕೊಂಡೇ, "ಇದು ಏಟಿಗೆ ಒಡೆದದ್ದಲ್ಲ ಸಾರ್, ಫ್ರೇಮಿನ ಸ್ಕ್ರೂ ಬಿಗಿದು ಒಡೆದದ್ದು" ಎಂದಳು. ಲ್ಯಾಬಿನ ಮುಖ್ಯಸ್ಥರು, ಎಲ್ಲರೂ ದೊಡ್ಡ ಸಾರ್ ಎಂದು ಕರೆಯುತ್ತಿದ್ದವರು, ಸ್ಕ್ರೂ ಬಿಚ್ಚಿಸಿ ನೋಡಿದರೆ ಅವಳ ಮಾತೇ ನಿಜ. ಅವರು ಅವಳನ್ನು ಸಂಜೆ ಕಾಲೇಜಿಗೆ ಸೇರಿಸಿ ಡಿಪ್ಲೊಮಾ ಮಾಡಿಸಿದರು. ಪೊರಕೆ ಹಿಡಿದ ಕೈಗೆ ಪೆನ್ನು ಬಂತು, ರಿಪೋರ್ಟಿನ ಕೆಳಗೆ ಸಹಿ ಹಾಕುವ ಅಧಿಕಾರವೂ ಬಂತು.

ಸಹಿ ಸಿಕ್ಕ ಮೊದಲ ವರ್ಷ ಅವಳು ಒಂದೇ ಒಂದು ಸಲ ಕರುಣೆ ತೋರಿಸಿದಳು. ಯಾರೋ ಎಳೆಯ ಎಂಜಿನಿಯರ್, ವೈರುಗಳು ಸೇರುವ ಚಿಕ್ಕ ಡಬ್ಬಿಯೊಂದನ್ನು ಹೊಸ ಬಗೆಯಲ್ಲಿ ಮಾಡಿ ತಂದಿದ್ದ. ಶಾಖದ ಅಳತೆ ಮಿತಿಗಿಂತ ಎರಡೇ ಎರಡು ಡಿಗ್ರಿ ಜಾಸ್ತಿ ಬಂದಿತ್ತು. ಪಾಪ, ಮದುವೆ ಗೊತ್ತಾಗಿರುವ ಹುಡುಗ, ಮುಖ ಬೇರೆ ಒಣಗಿದೆ ಎಂದುಕೊಂಡು ಪಾಸು ಮಾಡಿದಳು. ಏಳು ತಿಂಗಳ ಮೇಲೆ ಒಂದು ಮನೆಯ ತಾರಸಿಯಲ್ಲಿ ಆ ಡಬ್ಬಿ ಕರಗಿತು. ಬಟ್ಟೆ ಒಣಹಾಕಲು ಹೋಗಿದ್ದ ಅಜ್ಜಿಯ ಅಂಗೈ ಸುಟ್ಟು, ಬೆರಳುಗಳು ಒಳಕ್ಕೆ ಮಡಚಿಕೊಂಡವು. ದೊಡ್ಡ ಸಾರ್ ಬೈಯಲಿಲ್ಲ. ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಆ ಕೈ ತೋರಿಸಿಕೊಂಡು ಬಂದರು, ಅಷ್ಟೇ. ಜನ ಬೀಡಿ ಸಿಗರೇಟು ಬಿಡುವಂತೆ ಅವಳು ಅಂದಿನಿಂದ ಕರುಣೆ ಬಿಟ್ಟಳು. ಮತ್ತೆ ಇಪ್ಪತ್ತೆರಡು ವರ್ಷ ಅವಳ ಸಹಿಯಿದ್ದ ರಿಪೋರ್ಟಿನಲ್ಲಿ ಒಂದು ಸುಳ್ಳು ಅಂಕಿಯೂ ಹೋಗಲಿಲ್ಲ.

ಅವಳ ಗಂಡ ಫೈಬರ್ ದೋಣಿ, ನೀರಿನ ತೊಟ್ಟಿ ಮಾಡುವ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ. ಫೈಬರ್ ಬಟ್ಟೆ ಹಾಸಿ, ಮೇಲೆ ರೆಸಿನ್ ಎಂಬ ಅಂಟುದ್ರವ ಸುರಿದು, ಗಾಳಿಗುಳ್ಳೆ ಏಳದಂತೆ ರೋಲರ್ ಎಳೆಯುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮೆತ್ತಗಿನ ಮನುಷ್ಯ. ಮಾತಾಡಿದರೆ ನಗೆಚಾಟಿಕೆ, ಇಲ್ಲದಿದ್ದರೆ ಶಿಳ್ಳೆ. ಅವನು ಬೆಳೆದದ್ದು ತಗಡಿನ ಮನೆಯಲ್ಲಿ. ಗಾಜಿನ ಪ್ಯಾನೆಲ್ ಒಂದೊಂದೂ ಇಪ್ಪತ್ತು ಕಿಲೋಗೂ ಮೇಲೆ ತೂಗುತ್ತದೆ. ಫಿಟ್ಟಿಂಗ್ ಮಾಡುವವರು ತಗಡಿನ ಮನೆ ಕಂಡರೆ ಗಾಡಿಯಿಂದ ಏಣಿಯನ್ನೇ ಇಳಿಸುವುದಿಲ್ಲ, ಮುಂದಿನ ಬೀದಿಗೆ ಹೋಗುತ್ತಾರೆ. ಬಿಸಿಲು ಎಲ್ಲರಿಗಿಂತ ಹೆಚ್ಚು ಹೊಡೆಯುವುದು ಯಾರ ತಲೆಗೋ, ಅವರಿಗೇ ಬಿಸಿಲಿನ ಕರೆಂಟ್ ಇಲ್ಲ. ಇದು ಅವನ ತಲೆ ಕೊರೆಯುತ್ತಿತ್ತು.

"ಗಾಜೇ ಯಾಕೆ ಬೇಕು ಕಣೇ?" ಎಂದು ಒಂದು ದಿನ ಊಟದ ನಡುವೆ ಕೇಳಿದ. "ನಾನು ಫೈಬರಲ್ಲೇ ಮಾಡ್ತೀನಿ. ಆರು ಕಿಲೋ. ತಗಡಿಗೆ ಹಾಗೇ ಅಂಟಿಸಿಬಿಡೋದು."

"ಮಾಡಿ ನೋಡೋಣ," ಎಂದಳು ಅವಳು. "ನಾನು ಒಡೀತೀನಿ."

ಮೊದಮೊದಲು ಇದು ಗಂಡಹೆಂಡಿರ ಆಟದಂತಿತ್ತು. ಅವನು ತಾರಸಿಯ ಮೂಲೆಯಲ್ಲಿ ಎರಡು ಕಬ್ಬಿಣದ ಹಲಗೆ, ಒಂದು ಕಾರಿನ ಜಾಕು ಸೇರಿಸಿ ಪ್ರೆಸ್ ಮಾಡಿಕೊಂಡ. ಕೆಟ್ಟುಹೋದ ಫ್ರಿಜ್ಜಿನ ಹೊಟ್ಟೆಯೊಳಗೆ ಬಲ್ಬುಗಳನ್ನು ಇಟ್ಟು ಒಲೆ ಮಾಡಿಕೊಂಡ. ಮೊದಲ ತುಂಡನ್ನು ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಬಗ್ಗಿಸಿ ಲಟಕ್ಕನೆ ಮುರಿದು, "ಬಿಸ್ಕತ್ತು" ಎಂದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಎರಡನೆಯದು ಹಳದಿಯಾಯಿತು, ಮೂರನೆಯದರ ಅಂಚಿನಲ್ಲಿ ನೀರು ಇಳಿಯಿತು. ಯಾಕೆ ಇಳಿಯಿತು ಎಂದು ಅವಳು ಬೆರಳಿಟ್ಟು ತೋರಿಸುತ್ತಿದ್ದಳು, ಅವನು ಹಲ್ಲುಪುಡಿಯ ಬಣ್ಣದ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ.

ಆಟ ಒಂಬತ್ತು ವರ್ಷ ನಡೆಯಿತು. ನಡುವೆ ಮಗಳು ಹುಟ್ಟಿದಳು, ಮಾತು ಕಲಿತಳು, ಶಾಲೆಗೆ ಹೋದಳು. ವರ್ಕ್‌ಶಾಪಿನ ಯಜಮಾನ ವಯಸ್ಸಾಯಿತೆಂದು ಬೀಗ ಹಾಕಿದ. ಅವನು ಬೇರೆ ಕೆಲಸ ಹುಡುಕಲಿಲ್ಲ, ಇನ್ನೇನು ಆಗೇಹೋಯಿತು ಎಂದು ತಾರಸಿ ಹತ್ತಿದ. ಮನೆ ನಡೆದದ್ದು ಅವಳ ಸಂಬಳದಲ್ಲಿ. ಮನೆಯ ತುಂಬ ಮೂಗು ಸುಡುವ ರೆಸಿನ್ ವಾಸನೆ. ಯಾರಾದರೂ ಬಂದು "ನಿಮ್ಮಪ್ಪ ಎಲ್ಲಮ್ಮಾ?" ಎಂದರೆ ಮಗಳು ಪುಸ್ತಕದಿಂದ ತಲೆಯೆತ್ತದೆ ಬೆರಳನ್ನು ಸೂರಿನ ಕಡೆ ತೋರಿಸುತ್ತಿದ್ದಳು. ಕೆಲವರು ಅದನ್ನು ತಪ್ಪಾಗಿ ತಿಳಿದು ಅಯ್ಯೋ ಪಾಪ ಎಂದು ಲೊಚಗುಟ್ಟಿದ್ದೂ ಉಂಟು.

ಮಗಳು ಒಂದು ಸಲ ಶಾಲೆಯ ಮೆಟ್ಟಿಲಿಂದ ಬಿದ್ದು ಕೈ ಮುರಿದುಕೊಂಡಳು. ಲ್ಯಾಬಿನಿಂದ ಅವಳು ಓಡಿದಳು. ಮನೆಯಲ್ಲೇ ಇದ್ದ ಗಂಡನಿಗೆ ಫೋನಿನ ಮೇಲೆ ಫೋನು. ಸುರಿದ ರೆಸಿನ್ ಗಟ್ಟಿಯಾಗುವವರೆಗೆ ಬಿಟ್ಟು ಏಳುವಂತಿಲ್ಲ ಎಂದು ಅವನು ಫೋನನ್ನೇ ಎತ್ತಿರಲಿಲ್ಲ. ಆಸ್ಪತ್ರೆಗೆ ಬಂದಾಗ ಮೂರೂವರೆ ಗಂಟೆ ಕಳೆದಿತ್ತು. ಮಗಳು ಒಳ್ಳೆಯ ಕೈ ಚಾಚಿದಳು. ಅವನು ಹಿಡಿಯಲು ಹೋದರೆ ಬೆರಳುಗಳು ರೆಸಿನ್‌ನಲ್ಲಿ ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಆ ಹಲಗೆಯಿಂದಲೇ ಮಗುವಿನ ಕೆನ್ನೆ ಸವರಿದ.  ಅಂದಿನಿಂದ ಅವಳು ಅವನ ತುಂಡುಗಳಲ್ಲಿ ಏನು ತಪ್ಪಿದೆಯೆಂದು ಬೆರಳಿಟ್ಟು ತೋರಿಸುವುದನ್ನು ನಿಲ್ಲಿಸಿದಳು.

ಅವನಿಗೆ ಅದು ಗೊತ್ತೇ ಆಗಲಿಲ್ಲ. ಇನ್ನೂ ಎರಡು ವರ್ಷಕ್ಕೆ ಪ್ಯಾನೆಲ್ ಸಿದ್ಧವಾಯಿತು. ಬಾಗಿಲಿನಷ್ಟು ಉದ್ದ, ಒಂದೇ ಕೈಯಲ್ಲಿ ಎತ್ತಬಹುದು. ಅಡಿಯಲ್ಲಿ ತಗಡಿನ ಅಲೆಗೆ ಅಡ್ಡವಾಗಿ ಏಣುಗಳು; ಅವುಗಳ ಸಂದಿಯಲ್ಲಿ ಗಾಳಿ ನುಗ್ಗಿ ಪ್ಯಾನೆಲನ್ನೂ ತಣ್ಣಗಿಡುತ್ತದೆ, ಕೆಳಗಿನ ಕೋಣೆಯನ್ನೂ ತಣ್ಣಗಿಡುತ್ತದೆ. ಅದರದೇ ಒಂದು ತುಂಡನ್ನು ತನ್ನ ಫ್ರಿಜ್ಜಿನ ಒಲೆಯಲ್ಲಿ ತೊಂಬತ್ತು ಡಿಗ್ರಿಗೆ ಐವತ್ತು ದಿನ ಬೇಯಿಸಿದ್ದ, ಒಂದು ಗುಳ್ಳೆ ಎದ್ದಿರಲಿಲ್ಲ. ಇನ್ನು ಬೇಕಾದದ್ದು ಲ್ಯಾಬಿನ ರಿಪೋರ್ಟು ಒಂದೇ. ಸುತ್ತಮುತ್ತ ಇದ್ದದ್ದು ಅದೊಂದೇ ಲ್ಯಾಬು.

"ನಿನ್ನ ಹೆಸರಿಗೆ ಮಸಿ ಬಳಿಯಲ್ಲ ನಾನು," ಎಂದ. "ನಮ್ಮ ಹಳೇ ಯಜಮಾನರ ಹೆಸರಲ್ಲಿ ಕೊಡ್ತೀನಿ. ಲ್ಯಾಬೊಳಗೆ ಸ್ಯಾಂಪಲ್ ಮೇಲೆ ನಂಬರ್ ಮಾತ್ರ ಇರುತ್ತೆ ತಾನೆ? ನೀನು ನೋಡಬೇಡ. ಬೇರೆಯವರು ನೋಡಲಿ."

ಆದರೆ ಹೊಸ ಬಗೆಯ ಸ್ಯಾಂಪಲ್ ಬಂದರೆ ಅಕ್ಕನ ಮೇಜಿಗೇ ಬರುತ್ತಿತ್ತು. ಬಂತು. ಇದು ನನ್ನ ಗಂಡನದು, ನಾನು ಮುಟ್ಟಬಾರದು ಎಂದು ದೊಡ್ಡ ಸಾರ್‌ಗೆ ಹೇಳುವುದು ನಿಯಮ. ಅವಳು ಹೇಳಲಿಲ್ಲ. ಮಂಜಿನ ಉಂಡೆ ಹೊಡೆಸಿದಳು, ಪ್ಯಾನೆಲ್ ಚೆಂಡಿನಂತೆ ಉಂಡೆಯನ್ನೇ ಹಿಂದಕ್ಕೆಸೆಯಿತು. ಮೂಟೆ ಹೇರಿಸಿದಳು, ಬಾಗಿ ಮತ್ತೆ ನೆಟ್ಟಗಾಯಿತು. ಇನ್ನೂರು ಸಲದ ಚಳಿ ಶಾಖಕ್ಕೂ ಜಗ್ಗಲಿಲ್ಲ. ಜೊತೆಗಿದ್ದವರು, "ಅಕ್ಕಾ, ಇದ್ಯಾರೋ ನಿಮ್ಮ ಸುತ್ತಿಗೆಗೇ ಸವಾಲು ಹಾಕಿದಾರಲ್ಲ!" ಎಂದು ನಕ್ಕರು. ಕೊನೆಗೆ ಮೂರನೇ ಚೇಂಬರಿನಲ್ಲಿ, ಒಂದು ಕಂಪನಿಯ ಆರು ಗಾಜಿನ ಪ್ಯಾನೆಲ್‌ಗಳ ಪಕ್ಕದಲ್ಲಿ, ಅದನ್ನು ನಿಲ್ಲಿಸಿ ಬಾಗಿಲು ಬಿಗಿದಳು.

ಮನೆಯಲ್ಲಿ ಅವನು ದಿನಾ ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಮುಖ ನೋಡುತ್ತಿದ್ದ. ಬಾಯಿ ಬಿಟ್ಟು ಕೇಳುವಂತಿಲ್ಲ, ಕೇಳಿದರೂ ಹೇಳುವವಳಲ್ಲ. ಮೂವತ್ತೊಂದನೇ ದಿನ ಅವಳು ಚೇಂಬರಿನ ಕಿಟಕಿಗೆ ಟಾರ್ಚ್ ಹಿಡಿದು ನೋಡಿದಳು. ಪ್ಯಾನೆಲಿನ ನಡುವೆ ಗುಳ್ಳೆಗಳು ಎದ್ದಿದ್ದವು. ಸುಟ್ಟ ಚರ್ಮದಂತೆ ಮೇಲಿನ ಪದರ ಎರಡು ಕಡೆ ಸುಲಿದು ನೇತಾಡುತ್ತಿತ್ತು. ಅದನ್ನು ನೋಡಿದಾಗ ಅವಳ ಬಾಯಿಂದ ಹೊರಟ ಮಾತು "ಸದ್ಯ" ಎಂದು. ಯಾರೂ ಕೇಳಿಸಿಕೊಳ್ಳಲಿಲ್ಲ. ಅವಳು ಕೇಳಿಸಿಕೊಂಡಳು. ಟಾರ್ಚ್ ಆರಿಸಿ, ಕೈ ತೊಳೆದು, ಮೇಜಿಗೆ ಹೋಗಿ ಕೂತಳು.

ಸಾವಿರ ಗಂಟೆ ತುಂಬಲೇಬೇಕು, ನಿಯಮ. ಮತ್ತೆ ಹನ್ನೊಂದು ಸಂಜೆ ಅವನು ಅವಳ ಮುಖ ನೋಡಿದ, ಹನ್ನೊಂದು ಸಂಜೆ ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ರಿಪೋರ್ಟು ಅಂಚೆಯಲ್ಲಿ ಹಳೇ ಯಜಮಾನನ ಮನೆಗೆ ಹೋಗಿ, ಅಲ್ಲಿಂದ ಅವನ ಕೈಗೆ ಬಂತು. ಅವನು ಅದನ್ನು ಅವಳ ಎದುರಿಗೇ, ಊಟದ ಮೇಜಿನ ಮೇಲೆ ಬಿಡಿಸಿ ಓದಿದ. ಕೆಳಗೆ ಅವಳ ಸಹಿ ಇತ್ತು.

"ನೀನೇ ಮಾಡಿದ್ದಾ?"

"ಹೂಂ."

"ಯಾವಾಗ ಗೊತ್ತಾಯ್ತು?"

"ಹದಿನೈದು ಹದಿನಾರು ದಿನ ಆಯ್ತು."

ಅವನು ರಿಪೋರ್ಟಿನಲ್ಲಿದ್ದ ಫೋಟೋಗಳನ್ನು ಒಂದೊಂದಾಗಿ ನೋಡಿದ. "ನನ್ನ ರೆಸಿನ್ ತೊಂಬತ್ತೈದರ ತನಕ ಅಲುಗಾಡಲ್ಲ. ಎಂಬತ್ತೈದಕ್ಕೆ ಹ್ಯಾಗೆ ಉಬ್ಬಿತು?"

"ಅದು ನೀವು ನಿಮ್ಮ ಫ್ರಿಜ್ಜನ್ನ ಕೇಳ್ಬೇಕು," ಎಂದಳು ಅವಳು, ಮಗಳ ತಟ್ಟೆಗೆ ಬಡಿಸುತ್ತಾ.

ಅವನು ಕೂಗಾಡಲಿಲ್ಲ. ವಾರದೊಳಗೆ ಪ್ರೆಸ್ಸನ್ನು ಗುಜರಿಯವನಿಗೆ ಕೊಟ್ಟ. ಫ್ರಿಜ್ಜನ್ನು ನಾಲ್ಕು ಜನ ಸೇರಿ ಮೆಟ್ಟಿಲಿಳಿಸಿದರು. ಊರಾಚೆಯ ತೊಟ್ಟಿ ಫ್ಯಾಕ್ಟರಿಯಲ್ಲಿ ಕೆಲಸ ಕೇಳಿದ, ರೋಲರ್ ಹಿಡಿದ ರೀತಿ ನೋಡಿಯೇ ತೆಗೆದುಕೊಂಡರು. ಸಂಜೆ ಆರಕ್ಕೆ ಮನೆಗೆ ಬರುತ್ತಿದ್ದ. ಮಗಳಿಗೆ ಚದುರಂಗ ಹೇಳಿಕೊಟ್ಟ. ಕೆನ್ನೆ ತುಂಬಿಕೊಂಡಿತು. ಶಿಳ್ಳೆ ಹಾಕುವುದು ಮಾತ್ರ ನಿಂತಿತ್ತು, ಆದರೆ ಶಿಳ್ಳೆಯಿಂದ ಯಾರ ಹೊಟ್ಟೆ ತುಂಬಬೇಕು? ಮೂವರೂ ಒಟ್ಟಿಗೆ ಊಟಕ್ಕೆ ಕೂತಾಗ ಅವಳಿಗೆ ಒಂಬತ್ತು ವರ್ಷ ಬಾಡಿಗೆಗೆ ಹೋಗಿದ್ದ ಗಂಡ ಮನೆಗೆ ಬಂದಂತಾಗುತ್ತಿತ್ತು. ಅವಳು ಸುಖವಾಗಿದ್ದಳು. ಅದನ್ನು ಮುಚ್ಚಿಡುವಂತಿಲ್ಲ.

ಎಂಟು ತಿಂಗಳಾದ ಮೇಲೆ ಲ್ಯಾಬಿನ ಉಪಕರಣಗಳ ವಾರ್ಷಿಕ ತಪಾಸಣೆ ಬಂತು. ಹೊರಗಿನಿಂದ ಒಬ್ಬ ತಂತ್ರಜ್ಞ ತನ್ನದೇ ಥರ್ಮಾಮೀಟರುಗಳ ಪೆಟ್ಟಿಗೆ ತಂದು ಒಂದೊಂದು ಚೇಂಬರಿನೊಳಗೂ ತೂರಿಸಿ ನೋಡುತ್ತಿದ್ದ. ಮೂರನೆಯದರ ಮುಂದೆ ಕೂತವನು ಎರಡು ಸಲ ಕನ್ನಡಕ ಒರೆಸಿಕೊಂಡ.

"ಮೇಡಂ, ಇದು ಎಂಬತ್ತೈದು ತೋರಿಸ್ತಾ ಇದೆ. ಒಳಗೆ ತೊಂಬತ್ತೇಳಿದೆ."

"ಎಷ್ಟು?"

"ತೊಂಬತ್ತೇಳು. ಹನ್ನೆರಡು ಡಿಗ್ರಿ ಜಾಸ್ತಿ. ಶಾಖ ಅಳೆಯೋ ಸೆನ್ಸರ್ ಜಾಗ ಬಿಟ್ಟು ತಣ್ಣನೆ ಗಾಳಿ ಬರೋ ಮೂಲೆಗೆ ಜಾರಿದೆ. ಕಳೆದ ಸಲ ಬಾಗಿಲಿನ ರಬ್ಬರ್ ಬದಲಾಯಿಸಿದ್ರಲ್ಲ, ಆಗ ಆಗಿರಬೇಕು."

ರಬ್ಬರ್ ಬದಲಾಯಿಸಿದ್ದು ಯಾವಾಗ ಎಂದು ಅವಳು ಪುಸ್ತಕ ತೆಗೆದು ನೋಡಬೇಕಾಗಿರಲಿಲ್ಲ. ಗಂಡನ ಪ್ಯಾನೆಲನ್ನು ಒಳಗಿಡುವ ಐದು ದಿನ ಮುಂಚೆ. ಆದರೂ ತೆಗೆದು ನೋಡಿದಳು.

ದೊಡ್ಡ ಸಾರ್ ವಿಷಯ ಕೇಳಿ ಹಣೆ ಒತ್ತಿಕೊಂಡರು. ಅಷ್ಟರಲ್ಲಿ ಆ ಚೇಂಬರ್ ಹೊಕ್ಕು ಬಂದದ್ದು ಹತ್ತೊಂಬತ್ತು ಸ್ಯಾಂಪಲ್. ಹದಿನೆಂಟು ಗಾಜಿನವು, ಎಲ್ಲವೂ ಪಾಸು.

"ಅವರದೇನೂ ತೊಂದರೆ ಇಲ್ಲ," ಎಂದರು. "ಕಷ್ಟದ ಪ್ರಶ್ನೆಪತ್ರಿಕೆ ಕೊಟ್ಟರೂ ಪಾಸಾಗಿದಾರೆ. ಈ ಒಂದು ಫೇಲಾಗಿದೆಯಲ್ಲ, ಇದು ಯಾರದು?"

"ಯಾರೋ ದೋಣಿ ವರ್ಕ್‌ಶಾಪಿನವರು ಸಾರ್. ಈಗ ವರ್ಕ್‌ಶಾಪ್ ಇಲ್ಲ."

"ಇದ್ರೂ ಇಲ್ದಿದ್ರೂ ಪತ್ರ ಬರೀಬೇಕಮ್ಮ. ತಪ್ಪು ನಮ್ಮದು. ಪುಕ್ಕಟೆಯಾಗಿ ಮತ್ತೆ ಪರೀಕ್ಷೆ ಮಾಡ್ಕೊಡ್ತೀವಿ ಅಂತ ಬರಿ. ನೀನಿರೋವಾಗ ನನಗೇನು ಚಿಂತೆ."

ಅವಳೇ ಪತ್ರ ಟೈಪು ಮಾಡಿದಳು. ಒಳ್ಳೆಯ ಪತ್ರ, ಸುತ್ತುಬಳಸಿಲ್ಲದೆ ತಪ್ಪು ಒಪ್ಪಿಕೊಂಡ, ಹನ್ನೆರಡು ಡಿಗ್ರಿಯನ್ನು ಅಕ್ಷರದಲ್ಲೂ ಅಂಕಿಯಲ್ಲೂ ಬರೆದ ಪತ್ರ. ದೊಡ್ಡ ಸಾರ್ ಸಹಿ ಹಾಕಿದರು. ಅಂಚೆಗೆ ನಾನೇ ಹಾಕುತ್ತೇನೆಂದು ಬ್ಯಾಗಿನಲ್ಲಿಟ್ಟುಕೊಂಡಳು.

ಮೂರು ವಾರ ಅದು ಬ್ಯಾಗಿನಲ್ಲೇ ಇತ್ತು. ಬಸ್ಸಿನಲ್ಲಿ ಕೂತಾಗ ತೊಡೆಯ ಮೇಲಿನ ಬ್ಯಾಗು ಅವಳಿಗೆ ಭಾರವೆನಿಸುತ್ತಿತ್ತು. ಮನೆಗೆ ಬಂದರೆ ಗಂಡ ಮತ್ತು ಮಗಳು ಚದುರಂಗದ ಮೇಲೆ ತಲೆಗೆ ತಲೆ ತಾಗಿಸಿ ಕೂತಿರುತ್ತಿದ್ದರು. ಈ ಪತ್ರ ಕೈಗೆ ಕೊಟ್ಟರೆ ನಾಳೆ ಬೆಳಿಗ್ಗೆಯೇ ಅವನು ಮೇಲೆ ಹತ್ತುತ್ತಾನೆ, ಮತ್ತೆ ಕೆಳಗೆ ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಪ್ಯಾನೆಲ್ ಗೆಲ್ಲುತ್ತದೆ ಎಂದೂ ಗೊತ್ತಿತ್ತು. ಅದು ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಸೋತ ಗಂಡ ಅವಳ ಪಾಲಿಗೆ ಬಂದಿದ್ದ, ಗೆದ್ದವನು ಊರಿನ ಪಾಲು.

ಮೂರನೇ ವಾರದ ಕೊನೆಗೆ ಪತ್ರವನ್ನು ಲ್ಯಾಬಿನ ಕಾಗದ ಚೂರು ಮಾಡುವ ಯಂತ್ರಕ್ಕೆ ಕೊಟ್ಟಳು. ರಿಜಿಸ್ಟರಿನಲ್ಲಿ ಬರೆದಳು: ಗಿರಾಕಿಗೆ ತಿಳಿಸಲಾಗಿದೆ. ಮರುಪರೀಕ್ಷೆಗೆ ಆಸಕ್ತಿಯಿಲ್ಲ. ಕೆಳಗೆ ಸಹಿ ಹಾಕಿದಳು.  ಮಧ್ಯಾಹ್ನ ಹೊಸಬಳೊಬ್ಬಳು ಅಳತೆಯೊಂದನ್ನು ಅಂದಾಜಿನಲ್ಲಿ ಬರೆದದ್ದು ಕಣ್ಣಿಗೆ ಬಿದ್ದು, ಎಲ್ಲರೆದುರಿಗೆ ಅವಳ ಮೈಬೆವರಿಳಿಸಿದಳು. "ಇಲ್ಲಿ ಒಂದು ಅಂಕಿ ತಪ್ಪಿದ್ರೆ ಎಲ್ಲೋ ಒಬ್ಬರ ಕೈ ಸುಡುತ್ತೆ, ತಿಳೀತಾ?" ಆ ಹುಡುಗಿ ಬಚ್ಚಲಿಗೆ ಹೋಗಿ ಅತ್ತುಕೊಂಡು ಬಂದಳು.

ಹೀಗೆ ನಾಲ್ಕು ವರ್ಷ ಕಳೆಯಿತು. ಒಂದು ಭಾನುವಾರ ಬೆಳಿಗ್ಗೆ ಗಂಡ ಹೊಸ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಎರಡು ಬೀದಿ ಆಚೆಯ ಹೊಲಿಗೆಯಾಕೆಯ ಹತ್ತಿರ ಹೋದ. ಆಕೆಯದು ತಗಡಿನ ಶೆಡ್ಡು. ಲ್ಯಾಬಿಗೆ ಕೊಟ್ಟ ಪ್ಯಾನೆಲ್ ಮಾಡಿದ ಕಾಲದಲ್ಲೇ ಅವನು ಅದರ ಜೋಡಿಯೊಂದನ್ನು ಮಾಡಿ, ನೋಡೋಣವೆಂದು ಆ ಶೆಡ್ಡಿನ ಮೇಲೆ ಅಂಟಿಸಿದ್ದ; ಫೇಲಾದ ಮೇಲೆ ನಾಚಿಕೆಯಿಂದ ಆ ಬೀದಿಗೇ ಕಾಲಿಟ್ಟಿರಲಿಲ್ಲ. ಒಳಗೆ ಹೋದರೆ ಫ್ಯಾನು ತಿರುಗುತ್ತಿತ್ತು, ಸೂಜಿಯ ಮೇಲೆ ದೀಪ ಉರಿಯುತ್ತಿತ್ತು.

"ಎಲ್ಲಿ ಹೋಗಿದ್ರಿ ಅಣ್ಣಾ ಇಷ್ಟು ದಿನ?" ಎಂದಳು ಆಕೆ. "ಬೀದಿಗೆಲ್ಲ ಕರೆಂಟ್ ಹೋದ್ರೂ ನನ್ನ ಫ್ಯಾನ್ ನಿಲ್ಲಲ್ಲ. ಮೂರು ಮನೆಯವರು ನಮಗೂ ಬೇಕು ಅಂತ ಗಂಟುಬಿದ್ದಿದಾರೆ. ನಿಮ್ಮನ್ನ ಎಲ್ಲಿ ಅಂತ ಹುಡುಕಲಿ ನಾನು?"

ಅವನು ಪ್ಯಾಂಟು ಅಲ್ಲೇ ಬಿಟ್ಟು ಸ್ಟೂಲು ಹತ್ತಿ ತಗಡಿನ ಮೇಲೆ ಇಣುಕಿದ. ಆರು ಬೇಸಿಗೆ ಕಂಡ ಪ್ಯಾನೆಲ್ ನೀರು ತುಂಬಿದ ತಟ್ಟೆಯಂತೆ ತಿಳಿಯಾಗಿತ್ತು. ಒಂದು ಗುಳ್ಳೆಯಿಲ್ಲ, ಹಳದಿಯಿಲ್ಲ. ಮನೆಗೆ ಬರುವಾಗ ಅವನು ಓಡುನಡಿಗೆಯಲ್ಲಿದ್ದ.

ಅವಳು ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಮಗಳು, ಈಗ ಹದಿಮೂರರವಳು, ಪಕ್ಕದಲ್ಲಿ ಲೆಕ್ಕ ಬಿಡಿಸುತ್ತಿದ್ದಳು. ಅವನು ಎಲ್ಲ ಹೇಳಿ ಮುಗಿಸಿ, ಉಸಿರು ಹಿಡಿದು ಕೇಳಿದ:

"ನಿಮ್ಮ ಯಂತ್ರ ತಪ್ಪಿರಬಹುದಾ? ಬೈಯಬೇಡ, ಸುಮ್ನೆ ಕೇಳ್ತೀನಿ. ಯಾವತ್ತಾದರೂ ಹಾಗೆ ಆಗುತ್ತಾ?"

ಹೇಳುವುದಕ್ಕೆ ಅವಳಿಗೆ ಇಡೀ ಒಂದು ಭಾನುವಾರ ಇತ್ತು. ಅವಳು ಸೊಪ್ಪಿನಿಂದ ಕಣ್ಣೆತ್ತಲಿಲ್ಲ.

"ಯಂತ್ರ ತಪ್ಪಿಲ್ಲ. ತಪ್ಪಿದ್ದು ನೀವು."

"ಮತ್ತೆ ಅದು ಇನ್ನೂ ಹಾಗೇ ಇದೆಯಲ್ಲೇ?"

"ಹೊರಗೆ ಚೆನ್ನಾಗಿ ಕಾಣುತ್ತೆ. ಒಳಗೆ ನೀರು ಇಳಿದಿರುತ್ತೆ. ಒಂದು ದಿನ ತಗಡಿಗೆ ಕರೆಂಟ್ ಹರಿಯುತ್ತೆ. ಪಾಪದ ಹೆಂಗಸು, ಕಬ್ಬಿಣದ ಮೆಷಿನ್ ಮುಂದೆ ಕೂತಿರ್ತಾಳೆ. ಆಮೇಲೆ ನೀವು ಹೋಗಿ ಅವಳ ಕೈ ನೋಡ್ಕೊಂಡು ಬನ್ನಿ, ನಾನು ನೋಡಿದ ಹಾಗೆ."

ಮಗಳು ಪೆನ್ಸಿಲ್ ಕೆಳಗಿಟ್ಟಳು. "ಅಮ್ಮಾ, ಅಷ್ಟು ವರ್ಷ ಚೆನ್ನಾಗಿರೋದು ಫೇಲ್ ಹ್ಯಾಗಾಗುತ್ತೆ? ಇನ್ನೊಂದು ಸಲ ಟೆಸ್ಟ್ ಮಾಡಿದ್ರೆ ಏನು?"

"ನಿನ್ನ ಲೆಕ್ಕ ನೀನು ಮಾಡು."

 ಹೊಲಿಗೆಯಾಕೆಯ ಕೈ ಗಂಡನ ಕಣ್ಣ ಮುಂದೆ ಬಂದಿತ್ತು. ಮಧ್ಯಾಹ್ನವೇ ಏಣಿ, ದಪ್ಪ ರಗ್ಗು, ಉಳಿ ತೆಗೆದುಕೊಂಡು ಹೊರಟ. ಬಿಸಿಲಿರುವಾಗ ಪ್ಯಾನೆಲಿನಲ್ಲಿ ಕರೆಂಟ್ ನಿಲ್ಲುವುದಿಲ್ಲವಾದ್ದರಿಂದ ಮೊದಲು ರಗ್ಗು ಹೊದೆಸಿದ. ಕೆಳಗೆ ಫ್ಯಾನು ನಿಂತಿತು. ಹೊಲಿಗೆಯಾಕೆ ಹೊರಗೆ ಬಂದು ಏಣಿ ಹಿಡಿದುಕೊಂಡು ಬೇಡಿಕೊಂಡಳು.

"ಬಿಡಿ ಅಣ್ಣಾ ಅದನ್ನ. ನಾನೇನಾದ್ರೂ ದೂರು ಹೇಳಿದ್ನಾ? ಇದಿಲ್ಲದೆ ಈ ಶೆಡ್ಡಲ್ಲಿ ಹ್ಯಾಗೆ ಕೂರಲಿ?"

"ನಿನ್ನ ಒಳ್ಳೇದಕ್ಕೇ ಕಣಮ್ಮ. ಇದು ಕೆಟ್ಟ ಮಾಲು," ಎಂದ ಅವನು, ತನ್ನ ಕೈಯಾರೆ ಅಂಟಿಸಿದ್ದನ್ನು ಉಳಿಯಿಂದ ಮೀಟುತ್ತಾ. ಅದು ಸುಲಭಕ್ಕೆ ಬರಲಿಲ್ಲ. ಒಂದೂವರೆ ಗಂಟೆ ಹಿಡಿಯಿತು.

ಅದನ್ನು ತಾರಸಿಗೆ ಹೊತ್ತು ತಂದು, ಮಗುಚಿ ಹಾಕಿ, ಚಾಕುವಿನಿಂದ ಪದರ ಪದರವಾಗಿ ಸೀಳತೊಡಗಿದ. ಒಂಬತ್ತು ವರ್ಷ ಕಣ್ಣಿಗೆ ಬೀಳದ ತಪ್ಪು ಎಲ್ಲಿದೆಯೆಂದು ಅವನಿಗೆ ಒಂದು ಸಲ ನೋಡಬೇಕಾಗಿತ್ತು. ಸೀಳಿದಷ್ಟೂ ಒಣಗಿದ, ಹೊಳೆಯುವ, ಒಂದಕ್ಕೊಂದು ಬೆಸೆದುಕೊಂಡ ಪದರಗಳೇ ಬಂದವು. ಚಾಕುವಿನ ಎರಡು ಅಲಗು ಮುರಿದವು. ಬಿಸಿಲಿನಲ್ಲಿ ಅವನ ಬೆನ್ನು ನೆನೆದು ಹೋಗಿತ್ತು. ಸಂಜೆಯ ಹೊತ್ತಿಗೆ ಅವಳು ಚಹಾ ತೆಗೆದುಕೊಂಡು ಮೇಲೆ ಬಂದಳು.

"ನನಗೇನೂ ಕಾಣ್ತಾ ಇಲ್ಲ ಕಣೇ," ಎಂದ. ಅವನ ಧ್ವನಿ ಮಗುವಿನದಾಗಿತ್ತು. "ನನ್ನ ತಪ್ಪು ನನಗೇ ಕಾಣದಿದ್ರೆ ನಾನೆಂಥ ಕೆಲಸಗಾರ? ನೀನಾದ್ರೂ ನೋಡು."

ಅವಳು ಕುಕ್ಕರುಗಾಲಲ್ಲಿ ಕೂತು ತುಂಡುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದಳು. ಅಂಚು ನೋಡಿದಳು, ಕರೆಂಟ್ ಹುಟ್ಟಿಸುವ ಸೆಲ್‌ಗಳ ನಡುವಿನ ಸಂದು ನೋಡಿದಳು, ಉಗುರಿನಿಂದ ಕೆರೆದಳು. ತನ್ನ ಇಷ್ಟು ವರ್ಷದ ಕೆಲಸದಲ್ಲಿ ಇಂಥ ಜೋಡಣೆಯನ್ನು ಅವಳು ಯಾವ ಕಂಪನಿಯ ಪ್ಯಾನೆಲಿನಲ್ಲೂ ಕಂಡಿರಲಿಲ್ಲ. ಅವನು ಅವಳ ಮುಖವನ್ನೇ ನೋಡುತ್ತಿದ್ದ. ಏನೂ ಇಲ್ಲ ಎಂದರೆ ಮತ್ತೆ ಆ ಪ್ರಶ್ನೆ ಏಳುತ್ತದೆ.

ಒಂದು ತುಂಡಿನ ಮೂಲೆಯಲ್ಲಿ ಕೂದಲೆಳೆಯಷ್ಟು ಬಿಳಿ ಗೀರು ಇತ್ತು. ಈಗ ಒಂದು ಗಂಟೆಯ ಹಿಂದೆ ಅವನದೇ ಚಾಕು ಜಾರಿ ಮಾಡಿದ ಗೀರು. ಅವಳು ಅದರ ಮೇಲೆ ಬೆರಳಿಟ್ಟಳು.

"ಇಲ್ಲಿ ನೋಡಿ. ಇಲ್ಲಿಂದ ಶುರುವಾಗಿದೆ."

ಅವನು ಬಾಗಿ ನೋಡಿದ. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದ.

"ಹೌದಲ್ಲಾ!" ಎಂದ. "ಹೌದಲ್ಲೇ! ಮೂಲೆ ಮಡಚೋವಾಗ ಫೈಬರ್ ಎಳೆ ಕಿತ್ತಿದೆ. ಛೇ, ನಾನು ನಡುವೆ ಹುಡುಕ್ತಾ ಇದ್ದೆ." ಅವನು ಗೋಡೆಗೆ ಒರಗಿ ಕೂತು ಚಹಾ ಕುಡಿದ. ಭುಜಗಳು ಇಳಿದಿದ್ದವು. ಎಷ್ಟೋ ವರ್ಷದ ಮೇಲೆ ನಿರಾಳವಾಗಿ ಉಸಿರುಬಿಟ್ಟ. "ಸದ್ಯ, ಇವತ್ತಾದ್ರೂ ಗೊತ್ತಾಯ್ತು. ಇಲ್ದಿದ್ರೆ ಸಾಯೋ ತನಕ ನಿಮ್ಮ ಲ್ಯಾಬನ್ನ ಅನುಮಾನಿಸ್ತಾ ಇರ್ತಿದ್ದೆ."

ತುಂಡುಗಳನ್ನೂ ನೋಟ್‌ಬುಕ್ಕನ್ನೂ ಒಂದೇ ಗೋಣಿಚೀಲಕ್ಕೆ ತುಂಬಿ ಅವನೇ ಕಸದ ಗಾಡಿಗೆ ಹಾಕಿದ. ಹೊಲಿಗೆಯಾಕೆ ಆ ಬೇಸಿಗೆ ಶೆಡ್ಡಿನಲ್ಲಿ ಎರಡು ಸಲ ತಲೆತಿರುಗಿ ಬಿದ್ದು, ಅಂಗಡಿ ಮುಚ್ಚಿ ಬೇರೆ ಊರಿನ ತನ್ನಕ್ಕನ ಮನೆಗೆ ಹೊರಟುಹೋದಳು. ಅವನ ಪ್ಯಾಂಟು ಆಕೆಯ ಹತ್ತಿರವೇ ಉಳಿಯಿತು.

ಮರುವರ್ಷ ದೊಡ್ಡ ಸಾರ್ ನಿವೃತ್ತರಾದರು, ಅವರ ಕುರ್ಚಿ ಅವಳಿಗೆ ಸಿಕ್ಕಿತು. ಬೀಳ್ಕೊಡುವ ಭಾಷಣದಲ್ಲಿ ಅವರು, ಈ ಹೆಣ್ಣುಮಗಳ ಸಹಿ ಇದ್ದರೆ ಕಣ್ಣು ಮುಚ್ಚಿ ನಂಬಬಹುದು ಎಂದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಗಂಡ ಎರಡನೇ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ತಟ್ಟಿದ. ತೊಟ್ಟಿ ಫ್ಯಾಕ್ಟರಿಯಿಂದ ಯಾರಾದರೂ ಮನೆಗೆ ಬಂದರೆ ಅವನು ಈಗ ಆ ಪ್ಯಾನೆಲಿನ ಕತೆಯನ್ನು ತಮಾಷೆಯಾಗಿ ಹೇಳುತ್ತಾನೆ. ಒಂಬತ್ತು ವರ್ಷ ಒದ್ದಾಡಿದ್ದು, ಫ್ರಿಜ್ಜಿನಲ್ಲಿ ಬೇಯಿಸಿದ್ದು, ಗುಳ್ಳೆ ಎದ್ದದ್ದು. ಕೊನೆಗೆ ಹೆಂಡತಿಯ ಕಡೆ ಕೈ ತೋರಿಸುತ್ತಾನೆ.

"ನಾನು ಮಧ್ಯಾಹ್ನದಿಂದ ಸೀಳಿದ್ರೂ ಸಿಗಲಿಲ್ಲ ನೋಡಿ. ಇವಳು ಬಂದು ಒಂದೇ ನಿಮಿಷಕ್ಕೆ ಬೆರಳಿಟ್ಟು ತೋರಿಸಿದಳು. ಕೇಳಿ ಬೇಕಾದ್ರೆ."

ಬಂದವರು ಅವಳ ಕಡೆ ತಿರುಗುತ್ತಾರೆ. ಅವಳು, ಚಹಾಕ್ಕೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳುತ್ತಾಳೆ.